ಮೂರನೆಯವರ ಕೆಲಸ

ಭಾನುವಾರದ ಬಲಿಪೂಜೆಯಲ್ಲಿ, ಯೇಸು ಕಲಿಸಿದ ಪ್ರಾರ್ಥನೆ ಮುಗಿಯುತ್ತಿದ್ದಂತೆ, ಒಬ್ಬರಿಗೊಬ್ಬರು ಶಾಂತಿ ಕೋರುವ ಗಳಿಗೆ ಬರುತ್ತದೆ. ಠಾಣೆಯ ಮಾಸುಂದಾ ಕೆರೆಯ ದಂಡೆಯ ಚರ್ಚಿನಲ್ಲೂ, ಖಾಡಿಯ ಆಚೆ ವಾಶಿಯಲ್ಲೂ ಜನ ಎಡಕ್ಕೆ, ಬಲಕ್ಕೆ, ಹಿಂದಕ್ಕೆ ತಿರುಗಿ ಕೈಮುಗಿಯುತ್ತಾರೆ. ಹೀಗೆ ಕೈಮುಗಿದು ಶಾಂತಿ ಹೇಳುವುದಕ್ಕೆ ಭಾರತದ ಕಥೋಲಿಕರಿಗೆ ರೋಮಿನ ಒಪ್ಪಿಗೆ ಸಿಕ್ಕಿದ್ದು 1969ರಲ್ಲಿ. ಕಲ್ಯಾಣದ ಸಿರೋ-ಮಲಬಾರ್ ಚರ್ಚುಗಳಲ್ಲಿ ಇದೇ ಕ್ರಮ ಇನ್ನೂ ಮುಂಚೆ, ರೊಟ್ಟಿ ಮತ್ತು ದ್ರಾಕ್ಷಾರಸದ ಮುಖ್ಯ ಪ್ರಾರ್ಥನೆ ಶುರುವಾಗುವ ಮೊದಲೇ ನಡೆಯುತ್ತದೆ. ಅಲ್ಲಿ ಶಾಂತಿ ವೇದಿಯಿಂದ ಹೊರಟು ಕೈಯಿಂದ ಕೈಗೆ ದಾಟುತ್ತಾ ಕೊನೆಯ ಸಾಲಿನವರೆಗೆ ಹೋಗುತ್ತದೆ. ಸಹೋದರನ ಮನಸ್ಸಿನಲ್ಲಿ ನಿನ್ನ ಮೇಲೆ ಏನಾದರೂ ಇದ್ದರೆ ಕಾಣಿಕೆಯನ್ನು ಅಲ್ಲೇ ಬಿಟ್ಟು ಮೊದಲು ಅವನ ಬಳಿಗೆ ಹೋಗು ಎಂದು ಯೇಸು ಹೇಳಿದ್ದರ ಗುರುತು ಅದು.

ಆದರೆ ಮಾತು ಬಿಟ್ಟವರು ಅಕ್ಕಪಕ್ಕ ಕೂರುವುದೇ ಇಲ್ಲವಲ್ಲ. ಒಬ್ಬರು ಬಾಗಿಲ ಬಳಿ, ಇನ್ನೊಬ್ಬರು ಗಾಯಕವೃಂದದ ಹಿಂದೆ. ಸುಗ್ಗಿ ಹಬ್ಬದ ಏಲಂ ಲೆಕ್ಕ, ಸಭಾ ಕಮಿಟಿಯ ಚುನಾವಣೆ, ಕೈಸಾಲವಾಗಿ ಕೊಟ್ಟ ದುಡ್ಡು, ಮದುವೆಗೆ ಕರೆಯದೆ ಹೋದದ್ದು, ಹೀಗೆ ಸಣ್ಣದೊಂದು ಕಾರಣ ಸಾಕು, ವರ್ಷಗಟ್ಟಲೆ ಮುಖ ತಿರುಗಿಸಿಕೊಂಡು ಬದುಕಬಹುದು. ಇಬ್ಬರೂ ಪ್ರಾರ್ಥನೆ ತಪ್ಪಿಸುವುದಿಲ್ಲ, ಕಾಣಿಕೆ ತಪ್ಪಿಸುವುದಿಲ್ಲ. ಅವರ ನಡುವೆ ಹೋಗಿ ನಿಲ್ಲಬೇಕಾದವರು ಯಾರು?

ಈ ಪ್ರಶ್ನೆಗೆ ಠಾಣೆಯಲ್ಲೇ ಏಳುನೂರು ವರ್ಷ ಹಳೆಯ ಒಂದು ಕಥೆಯಿದೆ. 1321ರ ಏಪ್ರಿಲ್. ತೊಲೆಂತಿನೊ ಊರಿನ ಥಾಮಸ್, ಪಾದುವಾದ ಜೇಮ್ಸ್, ಸಿಯೆನಾದ ಪೀಟರ್, ಜಾರ್ಜಿಯಾದ ತಿಬಿಲಿಸಿಯ ದೆಮೆತ್ರಿಯಸ್ ಎಂಬ ನಾಲ್ವರು ಫ್ರಾನ್ಸಿಸ್ಕನ್ನರು ಠಾಣೆಯಲ್ಲಿ ಒಂದು ಕ್ರೈಸ್ತ ಕುಟುಂಬದ ಮನೆಯಲ್ಲಿ ಇಳಿದುಕೊಂಡಿದ್ದರು. ಮನೆಯವರು ಪರ್ಷಿಯದ ಚರ್ಚಿನ ಪೂರ್ವ ಸಿರಿಯಕ್ ಸಂಪ್ರದಾಯದವರು. ಈ ಕರಾವಳಿಯಲ್ಲಿ ಆ ಸಂಪ್ರದಾಯ ಅದಕ್ಕೂ ಎಷ್ಟೋ ಹಿಂದಿನದು. ಆರನೆಯ ಶತಮಾನದ ಯಾತ್ರಿಕ ಕಾಸ್ಮಾಸ್, ಕಲ್ಲಿಯಾನ ಎಂಬ ಊರಲ್ಲಿ ಪರ್ಷಿಯದಿಂದ ನೇಮಕವಾದ ಬಿಷಪ್ ಇದ್ದಾರೆಂದು ಬರೆದಿದ್ದಾನೆ. ಅದು ನಮ್ಮ ಮುಂಬಯಿ ಬಳಿಯ ಕಲ್ಯಾಣವೆಂದು ಹಲವರು, ಉಡುಪಿಯ ಕಲ್ಯಾಣಪುರವೆಂದು ಇನ್ನು ಕೆಲವರು ವಾದಿಸುತ್ತಾರೆ.

ಆ ಮನೆಯಲ್ಲಿ ಗಂಡ ಹೆಂಡತಿಗೆ ಜಗಳವಾಯಿತು. ಗಂಡ ಹೆಂಡತಿಯನ್ನು ಹೊಡೆದ. ಅವಳು ಸುಮ್ಮನೆ ಕೂರಲಿಲ್ಲ, ನೇರವಾಗಿ ಕಾಜಿಯ ಬಳಿಗೆ ಹೋಗಿ ದೂರು ಕೊಟ್ಟಳು. ಸಾಕ್ಷಿ ಯಾರೆಂದು ಕೇಳಿದಾಗ, ಮನೆಯಲ್ಲಿದ್ದ ನಾಲ್ವರು ಪರದೇಶಿ ಸಂನ್ಯಾಸಿಗಳು ನೋಡಿದ್ದಾರೆ ಎಂದಳು. ಸಾಮಾನು ಕಾಯಲು ಪೀಟರ್ ಮನೆಯಲ್ಲೇ ಉಳಿದ, ಉಳಿದ ಮೂವರು ಹೋದರು. ಸಾಕ್ಷಿ ಹೇಳಬೇಕಾದ ಕಡೆ ಮಾತು ಧರ್ಮದ ವಾದಕ್ಕೆ ತಿರುಗಿತು. ಮೂವರೂ ಕೊಲೆಯಾದರು, ಎರಡು ದಿನದ ಮೇಲೆ ಪೀಟರನೂ. ಕೆಲವೇ ವರ್ಷಗಳಲ್ಲಿ ಇಲ್ಲಿಗೆ ಬಂದ ಒಡೊರಿಕ್ ಎಂಬ ಸಂನ್ಯಾಸಿ ಅವರ ಅಸ್ಥಿಗಳನ್ನು ಚೀನಕ್ಕೆ ಕೊಂಡೊಯ್ದ, ಈ ಕಥೆಯನ್ನೂ ಬರೆಸಿಟ್ಟ. ದೆಹಲಿಯ ಸುಲ್ತಾನ ಇಲ್ಲಿನ ಅಧಿಕಾರಿಯನ್ನು ಹಿಡಿದು ತರಿಸಿ ಶಿಕ್ಷಿಸಿದನೆಂಬುದೂ ಅವನ ಬರಹದಲ್ಲಿದೆ.

ನಾಲ್ವರನ್ನು ಚರ್ಚಿನ ಚರಿತ್ರೆ ಹೆಸರು ಹೇಳಿ ಸ್ಮರಿಸುತ್ತದೆ. ಆ ಹೆಂಗಸಿನ ಹೆಸರು ಮಾತ್ರ ಒಡೊರಿಕನ ಬರಹದಲ್ಲಿಲ್ಲ. ಅವಳ ದೂರು ಏನಾಯಿತೆಂಬುದೂ ಇಲ್ಲ. ಅವಳು ನ್ಯಾಯ ಕೇಳಿದ್ದು ಕಥೆಗೆ ಪೀಠಿಕೆಯಾಗಿ ಕಳೆದುಹೋಗಿದೆ. ಪೆಟ್ಟು ತಿಂದವಳಿಗೆ ನೋಡಿದವರು ಬಂದು ಸಾಕ್ಷಿ ಹೇಳುತ್ತಾರೆಂಬ ಭರವಸೆ ಇತ್ತು ಎನ್ನುವುದು ದೊಡ್ಡ ಮಾತು. ಇವತ್ತು ನಮ್ಮ ಸಭೆಗಳಲ್ಲಿ ಎಷ್ಟು ಹೆಂಗಸರಿಗೆ ಆ ಭರವಸೆ ಇದೆ?

ಸಭೆಯೊಳಗಿನ ಮನಸ್ತಾಪ ಹೊಸದೇನಲ್ಲ. ಪೌಲನು ಫಿಲಿಪ್ಪಿಯ ಸಭೆಗೆ ಬರೆದ ಪತ್ರದಲ್ಲಿ ಇಬ್ಬರು ಹೆಂಗಸರ ಹೆಸರು ಹಿಡಿದು, ಒಂದೇ ಮನಸ್ಸಿನವರಾಗಿರಿ ಎಂದು ಬೇಡಿಕೊಳ್ಳುತ್ತಾನೆ. ಇಬ್ಬರೂ ಸುವಾರ್ತೆಗಾಗಿ ಅವನ ಜೊತೆ ದುಡಿದವರು. ಜಗಳ ಯಾತಕ್ಕೆ ಎಂದು ಅವನು ಹೇಳುವುದಿಲ್ಲ, ತಪ್ಪು ಯಾರದೆಂದೂ ತೀರ್ಪು ಕೊಡುವುದಿಲ್ಲ. ಮುಂದಿನ ಸಾಲಿನಲ್ಲೇ ಇನ್ನೊಬ್ಬ ಜೊತೆಗಾರನ ಕಡೆ ತಿರುಗಿ, ನೀನು ಅವರಿಗೆ ಸಹಾಯ ಮಾಡು ಎನ್ನುತ್ತಾನೆ. ಜಗಳವಾಡಿದ ಇಬ್ಬರ ಮೇಲಷ್ಟೇ ಭಾರ ಹಾಕದೆ, ನೋಡುತ್ತಾ ನಿಂತ ಮೂರನೆಯವನನ್ನೂ ಕರೆದ ಪತ್ರ ಅದು.

ಊರಿನಲ್ಲಿ ಈ ಮೂರನೆಯವರು ಹುಡುಕದೆಯೇ ಸಿಗುತ್ತಿದ್ದರು. ಮಂಗಳೂರು ಕಡೆಯ ಕಥೋಲಿಕ ಚರ್ಚುಗಳಲ್ಲಿ ವಾಡೊಗೆ, ಅಂದರೆ ಕೇರಿಗೆ, ಒಬ್ಬ ಗುರ್ಕಾರ. ಸಾವಿನ ಸುದ್ದಿ ಮುಟ್ಟಿಸುವುದರಿಂದ ಹಿಡಿದು ಗಡಿಬೇಲಿಯ ತಕರಾರು ಬಗೆಹರಿಸುವವರೆಗೆ ಅವನ ಕೆಲಸ. ಬಾಸೆಲ್ ಮಿಶನ್ನಿನ ಸಭೆಗಳಲ್ಲಿ ಪಾದ್ರಿ ಅಯ್ಯನವರ ಜೊತೆ ಸಭಾ ಹಿರಿಯರಿದ್ದರು. ಬೀದರ್, ಕಲಬುರಗಿ ಕಡೆಯ ಮೆಥಡಿಸ್ಟ್ ಕುಟುಂಬಗಳಿಗೆ ಓಣಿಯ ದೊಡ್ಡವರಿದ್ದರು. ಅವರೆಲ್ಲರ ಮಕ್ಕಳು, ಮೊಮ್ಮಕ್ಕಳು ಈಗ ಡೊಂಬಿವಲಿಯ ಸೊಸೈಟಿಗಳಲ್ಲಿ, ಐರೋಲಿ, ನೇರುಳ್, ಖಾರ್‌ಘರ್‌ನ ಗೋಪುರದಂಥ ಕಟ್ಟಡಗಳಲ್ಲಿ ಇದ್ದಾರೆ. ನವಿ ಮುಂಬಯಿ ಕಟ್ಟಿದ ಸಿಡ್ಕೊ ಸಂಸ್ಥೆ ಸ್ಥಾಪನೆಯಾದದ್ದೇ 1970ರಲ್ಲಿ. ಅಲ್ಲಿನ ಹೆಚ್ಚಿನ ಮನೆಗಳಲ್ಲಿ ಇರುವವರು ಬೇರೆ ಊರಿಂದ ಬಂದವರೇ, ಪಕ್ಕದ ಮನೆಯವರ ತಂದೆ ಯಾರು, ತಾಯಿ ಯಾರು ಎಂದು ಬಲ್ಲವರು ಅಪರೂಪ. 2011ರ ಜನಗಣತಿಯಲ್ಲೇ ಕಲ್ಯಾಣ-ಡೊಂಬಿವಲಿಯ ಜನಸಂಖ್ಯೆ 12 ಲಕ್ಷ ದಾಟಿತ್ತು. ಬೆಳಿಗ್ಗೆ ಆರಕ್ಕೆ ಲೋಕಲ್ ಹಿಡಿದು ರಾತ್ರಿ ಒಂಬತ್ತಕ್ಕೆ ಮರಳುವ ಮನುಷ್ಯನಿಗೆ ಭಾನುವಾರ ಬೆಳಗಿನ ಎರಡು ಗಂಟೆಯಷ್ಟೇ ಸಭೆಯ ಮುಖ ಕಾಣುವುದು. ಅಲ್ಲಿ ಜಗಳ ಆದದ್ದೂ ತಿಳಿಯುವುದಿಲ್ಲ. ಒಂದು ದಿನ ಒಂದು ಕುಟುಂಬ ಬರುವುದನ್ನು ನಿಲ್ಲಿಸುತ್ತದೆ, ಆರು ತಿಂಗಳ ಮೇಲೆ ಯಾರೋ ಬೇರೆ ಚರ್ಚಿಗೆ ಹೋಗ್ತಾರಂತೆ ಅನ್ನುತ್ತಾರೆ.

ದೊಡ್ಡ ಊರಿನ ಈ ರೋಗಕ್ಕೆ ಮದ್ದು ಹಿಂದೆಯೂ ಕಂಡುಕೊಂಡಿದ್ದಾರೆ, ಅದೂ ಆಕಸ್ಮಿಕವಾಗಿ. 1742ರಲ್ಲಿ ಇಂಗ್ಲೆಂಡಿನ ಬ್ರಿಸ್ಟಲ್‌ನಲ್ಲಿ ಜಾನ್ ವೆಸ್ಲಿಯ ಸಂಗಡಿಗರಿಗೆ ಕಟ್ಟಡದ ಸಾಲ ತೀರಿಸಬೇಕಿತ್ತು. ಪ್ರತಿಯೊಬ್ಬರೂ ವಾರಕ್ಕೆ ಒಂದು ಪೆನ್ನಿ ಕೊಡಲಿ ಎಂದು ತೀರ್ಮಾನವಾಯಿತು. ಸುಮಾರು ಹನ್ನೆರಡು ಜನಕ್ಕೆ ಒಬ್ಬ ಮುಂದಾಳು, ಅವನು ವಾರವಾರ ಮನೆಮನೆಗೆ ಹೋಗಿ ದುಡ್ಡು ತರುವುದು. ದುಡ್ಡಿಗೆಂದು ಬಾಗಿಲು ತಟ್ಟಿದವರಿಗೆ ಒಳಗಿನ ಬದುಕು ಕಣ್ಣಿಗೆ ಬಿತ್ತು. ಒಂದು ಮನೆಯಲ್ಲಿ ಗಂಡ ಹೆಂಡತಿಯೊಡನೆ ಜಗಳಕ್ಕೆ ನಿಂತಿದ್ದ, ಇನ್ನೊಂದರಲ್ಲಿ ಯಜಮಾನ ಕುಡಿದು ಬಿದ್ದಿದ್ದ. ಬಹುಕಾಲದಿಂದ ಬೇಕಾಗಿದ್ದದ್ದು ಇದೇ ಎಂದು ವೆಸ್ಲಿಗೆ ಹೊಳೆಯಿತು. ಚಂದಾ ವಸೂಲಿಯ ಆ ಗುಂಪುಗಳೇ ಮೆಥಡಿಸ್ಟ್ ಸಭೆಯ ಬೆನ್ನೆಲುಬಾದವು.

ಮುಂಬಯಿ ಮಹಾಧರ್ಮಪ್ರಾಂತದಲ್ಲೂ 1980ರ ದಶಕದಿಂದ ಕಿರು ಕ್ರೈಸ್ತ ಸಮುದಾಯಗಳನ್ನು ಕಟ್ಟುತ್ತಾ ಬಂದಿದ್ದಾರೆ. ಬಿಷಪ್ ಬಾಸ್ಕೊ ಪೆನ್ಹಾ ಅದಕ್ಕಾಗಿ ಹಲವು ವರ್ಷ ದುಡಿದರು. ಅಕ್ಕಪಕ್ಕದ ಕಟ್ಟಡಗಳ ಹತ್ತಾರು ಮನೆಗಳು ಸೇರಿ ಒಂದು ಗುಂಪು. ಪ್ರೊಟೆಸ್ಟೆಂಟ್ ಸಭೆಗಳಲ್ಲಿ ಇದಕ್ಕೆ ಸಮನಾದದ್ದು ಮನೆ ಪ್ರಾರ್ಥನೆ. ಡೊಂಬಿವಲಿ ಪೂರ್ವದ ಎರಡು ಕೋಣೆಯ ಮನೆಯಲ್ಲಿ ಅದು ನಡೆಯುವ ರೀತಿಯನ್ನು ನೋಡಬೇಕು. ರಾತ್ರಿ ಎಂಟೂವರೆ. ಚಪ್ಪಲಿಗಳು ಮೆಟ್ಟಿಲಿನವರೆಗೂ ಹರಡಿವೆ. ಎದುರು ಮನೆಯ ಮರಾಠಿ ಕಾಕೂ ಎರಡು ಪ್ಲಾಸ್ಟಿಕ್ ಕುರ್ಚಿ ಕೊಟ್ಟು ಹೋಗಿದ್ದಾರೆ. ಗಂಡಸರು ಇನ್ನೂ ಆಫೀಸಿನ ಬ್ಯಾಗಿನೊಂದಿಗೇ ಬಂದು ಗೋಡೆಗೆ ಒರಗಿ ಕೂರುತ್ತಾರೆ, ಹಾಡು ಶುರುವಾಗುವ ಹೊತ್ತಿಗೆ ಒಬ್ಬಿಬ್ಬರಿಗೆ ತೂಕಡಿಕೆ. ವಾಕ್ಯ, ಪ್ರಾರ್ಥನೆ, ಆಮೇಲೆ ಚಹಾ, ಅವಲಕ್ಕಿ. ಕೆಲಸ ಹೋದದ್ದು, ಅಮ್ಮನ ಆಪರೇಷನ್ನು, ಮಗಳ ಅಡ್ಮಿಶನ್ನು ಹೊರಗೆ ಬರುವುದು ಈ ಚಹಾದ ಹೊತ್ತಿನಲ್ಲೇ. ಬರದೇ ಹೋದವರು ಯಾಕೆ ಬರಲಿಲ್ಲ ಎಂಬ ಮಾತೂ ಅಲ್ಲೇ ಏಳುತ್ತದೆ. ಆ ಮಾತು ಚಾಡಿಯಾಗಿ ಮುಗಿಯಬಹುದು, ನಾಳೆ ನಾವಿಬ್ಬರು ಹೋಗಿ ನೋಡಿ ಬರೋಣ ಎಂದೂ ಮುಗಿಯಬಹುದು. ಕ್ರೈಸ್ತ ನಂಬಿಕೆ ದಿನದ ಬದುಕಿಗೆ ಇಳಿದಿದೆಯೋ ಇಲ್ಲವೋ ಎಂದು ತಿಳಿಯಲು ಇದಕ್ಕಿಂತ ಬೇರೆ ಪರೀಕ್ಷೆ ಬೇಕಿಲ್ಲ.

ಒಂದು ಎಚ್ಚರಿಕೆ ಮಾತ್ರ ಬೇಕೇ ಬೇಕು. ರಾಜಿ ಮಾಡಿಸುವುದೆಂದರೆ ಪೆಟ್ಟು ತಿಂದವರ ಬಾಯಿ ಮುಚ್ಚಿಸುವುದಲ್ಲ. ಸಭೆಯ ಮರ್ಯಾದೆ ಹೋಗುತ್ತದೆ, ಸಹಿಸಿಕೋ ತಂಗಿ, ಪ್ರಾರ್ಥನೆ ಮಾಡು ಎಂದು ಹೊಡೆತ ತಿಂದ ಹೆಣ್ಣುಮಗಳನ್ನು ಅದೇ ಮನೆಗೆ ಕಳಿಸುವ ಹಿರಿಯರು ಶಾಂತಿ ಮಾಡಿಸಿದವರಲ್ಲ, ಅನ್ಯಾಯಕ್ಕೆ ಕೈಜೋಡಿಸಿದವರು. ಕೌಟುಂಬಿಕ ದೌರ್ಜನ್ಯದಿಂದ ಮಹಿಳೆಯರನ್ನು ರಕ್ಷಿಸುವ 2005ರ ಕಾಯ್ದೆ ಇದೆ. ಅವಳ ಜೊತೆ ಸಂರಕ್ಷಣಾಧಿಕಾರಿಯ ಬಳಿಗೆ, ಪೊಲೀಸ್ ಠಾಣೆಗೆ ನಡೆದು ಹೋಗುವುದೂ ಸಭೆಯ ಕೆಲಸವೇ. ಲೆಕ್ಕದ ಹಣ ಕಾಣೆಯಾಗಿದ್ದರೆ ಲೆಕ್ಕ ಕೇಳಲೇಬೇಕು. ಆದರೆ ಸಭೆಗಳಲ್ಲಿ ವರ್ಷಾನುಗಟ್ಟಲೆ ಉಳಿದುಕೊಂಡಿರುವ ಮುನಿಸುಗಳಲ್ಲಿ ಹೆಚ್ಚಿನವು ಅಂಥವಲ್ಲ. ಮೊದಲು ಯಾರು ಮಾತಾಡಿಸಬೇಕು ಎಂಬಲ್ಲೇ ಅವು ನಿಂತಿವೆ, ಇಬ್ಬರೂ ಕಾಯುತ್ತಿದ್ದಾರೆ.

ಕೇಳುಗರೇ, ನಿಮ್ಮ ಸಭೆಯಲ್ಲೂ ಹಾಗೆ ಕಾಯುತ್ತಿರುವ ಇಬ್ಬರು ಇದ್ದರೆ, ಅವರು ಯಾರೆಂದು ನಿಮಗೆ ಈಗಾಗಲೇ ಗೊತ್ತಿರುತ್ತದೆ. ಅಯ್ಯನವರು ನೋಡಿಕೊಳ್ಳಲಿ, ಕಮಿಟಿಯವರು ಮಾತಾಡಲಿ ಎಂದು ಬಿಡಬೇಡಿ. ಇವತ್ತೇ ಆ ಇಬ್ಬರಲ್ಲಿ ಒಬ್ಬರಿಗೆ ಫೋನ್ ಮಾಡಿ, ಸಂಜೆ ಮನೆಗೆ ಬರುತ್ತೇನೆ ಎಂದು ಹೇಳಿ, ಹೋಗಿ ಬನ್ನಿ.