ಕಲಿಸುವವಳ ಕಲಿಕೆ, ಕಲಿಸುವವಳ ಹಕ್ಕು

1975ರ ಅಕ್ಟೋಬರ್ 2ರಂದು ದೇಶದ 33 ಕಡೆ ಸಮಗ್ರ ಶಿಶು ಅಭಿವೃದ್ಧಿ ಯೋಜನೆ ಆರಂಭವಾದಾಗ ಕರ್ನಾಟಕದಲ್ಲಿ ಮೊದಲು ಆಯ್ಕೆಯಾದದ್ದು ಟಿ. ನರಸೀಪುರ. ಅರ್ಧ ಶತಮಾನದಲ್ಲಿ ಈ ಯೋಜನೆಯ ಅಂಗನವಾಡಿಗಳ ಸಂಖ್ಯೆ ದೇಶದಲ್ಲಿ ಹದಿನಾಲ್ಕು ಲಕ್ಷದ ಹತ್ತಿರಕ್ಕೆ ಬಂದಿದೆ. ಅಲ್ಲಿನ ಕಾರ್ಯಕರ್ತೆ ಮಕ್ಕಳ ತೂಕ ನೋಡಬೇಕು, ಆಹಾರ ಹಂಚಬೇಕು, ಗರ್ಭಿಣಿ ಬಾಣಂತಿಯರ ಲೆಕ್ಕ ಇಡಬೇಕು, ಲಸಿಕೆಯ ದಿನ ಮನೆಮನೆಗೆ ಹೋಗಿ ಕರೆಯಬೇಕು. ಉಳಿದ ಹೊತ್ತಿನಲ್ಲಿ ಮೂರರಿಂದ ಆರು ವರ್ಷದ ಮಕ್ಕಳಿಗೆ ಕಲಿಸಬೇಕು. 2020ರ ರಾಷ್ಟ್ರೀಯ ಶಿಕ್ಷಣ ನೀತಿ ಈ ಕೊನೆಯ ಕೆಲಸವನ್ನು ಮುಂದಕ್ಕೆ ತಂದಿತು. ಪಿಯುಸಿ ಮುಗಿಸಿದ ಕಾರ್ಯಕರ್ತೆಯರಿಗೆ ಆರು ತಿಂಗಳ ಸರ್ಟಿಫಿಕೇಟ್, ಅಷ್ಟು ಓದಿಲ್ಲದವರಿಗೆ ಒಂದು ವರ್ಷದ ಡಿಪ್ಲೊಮಾ, ಎರಡೂ ಟಿವಿ ಚಾನೆಲ್ ಮತ್ತು ಸ್ಮಾರ್ಟ್‌ಫೋನಿನ ಮೂಲಕ ಎಂದು ಅದು ಹೇಳಿತು. ಈ ಆನ್‌ಲೈನ್ ಕಲಿಕೆಯನ್ನು ಕಾರ್ಯಕರ್ತೆಯ ಹಕ್ಕಿನ ಪ್ರಶ್ನೆಯಿಂದ ಬೇರ್ಪಡಿಸಿದರೆ ಅದು ಅವಳ ಹೆಗಲಿಗೆ ಇನ್ನೊಂದು ಹೊರೆಯಾದೀತೇ ಹೊರತು ವೃತ್ತಿಯ ಏಳಿಗೆಯಾಗದು ಎಂಬುದು ನನ್ನ ವಾದ.

ಇದಕ್ಕೆ ಬಲವಾದ ಆಧಾರ ನ್ಯಾಯಾಲಯದ ಎರಡು ತೀರ್ಪುಗಳಲ್ಲಿದೆ. ಕರ್ನಾಟಕ ಸರ್ಕಾರ ಮತ್ತು ಅಮೀರ್‌ಬೀ ನಡುವಿನ ಪ್ರಕರಣದಲ್ಲಿ 2006ರಲ್ಲಿ ಸುಪ್ರೀಂ ಕೋರ್ಟ್, ಅಂಗನವಾಡಿ ಕಾರ್ಯಕರ್ತೆಯದು ಸರ್ಕಾರಿ ಹುದ್ದೆಯಲ್ಲ ಎಂದಿತು. ಗುಜರಾತಿನ ದಾಹೋದ್‌ನಿಂದ ಬಂದ ಮಣಿಬೆನ್ ಪ್ರಕರಣದಲ್ಲಿ 2022ರ ಏಪ್ರಿಲ್ 25ರಂದು ಅದೇ ನ್ಯಾಯಾಲಯ, ಕಾರ್ಯಕರ್ತೆಯರು ಮತ್ತು ಸಹಾಯಕಿಯರು ಗ್ರಾಚ್ಯುಟಿಗೆ ಅರ್ಹರು ಎಂದಿತು. ನಡುವೆ ಬದಲಾದದ್ದೇನು? 2009ರ ಶಿಕ್ಷಣ ಹಕ್ಕು ಕಾಯ್ದೆಯ 11ನೇ ಕಲಂ ಶಾಲಾಪೂರ್ವ ಶಿಕ್ಷಣದ ಮಾತೆತ್ತಿತ್ತು, 2013ರ ಆಹಾರ ಭದ್ರತಾ ಕಾಯ್ದೆ ಅಂಗನವಾಡಿಗೆ ಶಾಸನದ ನೆಲೆ ಕೊಟ್ಟಿತ್ತು. ಮೂರರಿಂದ ಆರು ವರ್ಷದ ಮಕ್ಕಳಿಗೆ ಅಲ್ಲಿ ನಡೆಯುವುದು ಶೈಕ್ಷಣಿಕ ಚಟುವಟಿಕೆ ಎಂಬುದೂ ತೀರ್ಪಿನ ಕಾರಣಗಳಲ್ಲಿ ಒಂದಾಯಿತು. ಅಂದರೆ ಅವಳ ಸೌಲಭ್ಯಕ್ಕೆ ದಾರಿಯಾದದ್ದು ಕನಿಕರವಲ್ಲ. ಅವಳು ಕಲಿಸುತ್ತಾಳೆ ಎಂಬ ಮನ್ನಣೆಯೂ ಅದರಲ್ಲಿ ಸೇರಿತ್ತು. ಹಾಗಿರುವಾಗ ಶಿಶುಶಿಕ್ಷಣದ ಪಾಠಗಳ ಜೊತೆಗೆ ಈ ತೀರ್ಪಿನ ಸಾರಾಂಶವೂ, ಗೌರವಧನದ ಆದೇಶಗಳೂ, ಅಹವಾಲು ಸಲ್ಲಿಸುವ ಬಗೆಯೂ ಅವಳ ಫೋನಿನಲ್ಲಿ ತಿಳಿಗನ್ನಡದಲ್ಲಿ ಸಿಗಬೇಕಲ್ಲವೆ?

ಹಕ್ಕಿನ ಮಾತು ಸಂಘಟನೆಗಳ ಕೆಲಸ, ತರಬೇತಿಯಲ್ಲಿ ಅದೇಕೆ ಎಂದು ಕೇಳುವವರಿದ್ದಾರೆ. ಈ ವೃತ್ತಿ ಕಟ್ಟಿದವರು ಇವೆರಡನ್ನು ಹಾಗೆ ಬಿಡಿಸಿ ನೋಡಲಿಲ್ಲ. ಗಿಜುಭಾಯಿ ಬಧೇಕಾ, ತಾರಾಬಾಯಿ ಮೋಡಕ್ ಅವರು 'ಶಿಕ್ಷಣ ಪತ್ರಿಕಾ' ನಡೆಸಿದ್ದು ಶಿಶುಶಿಕ್ಷಣದ ವಿಧಾನ ಹೇಳುವುದಕ್ಕೂ ಹೌದು, ಎಳೆಯ ಮಗುವಿನ ಪರವಾಗಿ ಸಮಾಜದೊಡನೆ ವಾದಿಸುವುದಕ್ಕೂ ಹೌದು. ಆನ್‌ಲೈನ್ ಆದರೆ ಖರ್ಚು ಕಡಿಮೆ, ಎಲ್ಲರಿಗೂ ತಲುಪುತ್ತದೆ ಎಂಬ ಇನ್ನೊಂದು ಮಾತು ಅರ್ಧ ನಿಜ. 2021ರಲ್ಲಿ ಬಂದ, ಕೇಂದ್ರದ ಲೆಕ್ಕ ತುಂಬುವ ಪೋಷಣ್ ಟ್ರ್ಯಾಕರ್ ಆ್ಯಪ್ ಅದೇ ಫೋನಿನಲ್ಲಿದೆ. ಆ ವರ್ಷ ಮಹಾರಾಷ್ಟ್ರದ ಕಾರ್ಯಕರ್ತೆಯರು ಇಂಗ್ಲಿಷಿನ ಆ್ಯಪ್ ಬೇಡ, ಕೆಡುವ ಫೋನ್ ಬೇಡ ಎಂದು ಫೋನುಗಳನ್ನು ಇಲಾಖೆಗೆ ಹಿಂದಿರುಗಿಸಿದರು. ದಿನವಿಡೀ ಲೆಕ್ಕ ಕೇಳುವ ಯಂತ್ರವೇ ಸಂಜೆ ಗುರುವಾಗಿ ನಿಂತರೆ ಯಾರಿಗೆ ಮನಸ್ಸು ಬಂದೀತು? ಅದಕ್ಕೇ ಶಿಕ್ಷಣ ನೀತಿಯಲ್ಲಿರುವ, ಆದರೆ ಯಾರೂ ಹೆಚ್ಚು ಮಾತಾಡದ ಒಂದು ಸಾಲು ನನಗೆ ಮುಖ್ಯವಾಗಿ ಕಾಣುತ್ತದೆ: ತಿಂಗಳಿಗೆ ಒಂದಾದರೂ ಮುಖಾಮುಖಿ ತರಗತಿ ಇರಬೇಕು. ಮಗುವಿನ ಜೊತೆ ಮಾತಾಡುವುದನ್ನು, ಜಗಳ ಬಿಡಿಸುವುದನ್ನು ವಿಡಿಯೊ ತೋರಿಸಬಲ್ಲದು. ತಿದ್ದುವುದು ಇನ್ನೊಬ್ಬ ಟೀಚರೇ. ಆ ದಿನಕ್ಕೆ ಪ್ರಯಾಣಭತ್ಯೆಯೂ ಕೆಲಸದ ಲೆಕ್ಕವೂ ಸಿಗದಿದ್ದರೆ ಆ ಸಾಲು ಕಾಗದದಲ್ಲೇ ಉಳಿಯುತ್ತದೆ.

1956ರವರೆಗೆ ಕಲಬುರಗಿ, ರಾಯಚೂರು, ಬೀದರ್‌ಗಳಿಗೆ ರಾಜಧಾನಿಯಾಗಿದ್ದ ಹೈದರಾಬಾದಿನ ಈ ಕಾಚಿಗೂಡದಲ್ಲಿ ಕುಳಿತ ನಮಗೆ ವಿಷಯ ದೂರದ್ದಲ್ಲ. ಆ ಜಿಲ್ಲೆಗಳಿರುವ ಕಲ್ಯಾಣ ಕರ್ನಾಟಕದ ಸರ್ಕಾರಿ ಶಾಲೆಗಳಲ್ಲಿ ಎಲ್‌ಕೆಜಿ, ಯುಕೆಜಿ ತೆರೆಯುವ ನಿರ್ಧಾರ 2024ರಲ್ಲಿ ಹೊರಬಿದ್ದಾಗ ಅಂಗನವಾಡಿ ಕಾರ್ಯಕರ್ತೆಯರು ಬೀದಿಗಿಳಿದರು. ಮಕ್ಕಳು ಹೋದರೆ ಕೇಂದ್ರವೇ ಬರಿದಾಗುತ್ತದೆ ಎಂಬ ಭಯ ಅವರದು. ತಂದೆತಾಯಿಗೆ ಇಂಗ್ಲಿಷ್ ಬೇಕು, ಅಂಗನವಾಡಿಯಲ್ಲಿ ಓದಿಸುವುದೇ ಇಲ್ಲ ಎಂಬುದು ಎದುರು ಮಾತು. ಈ ದೂರನ್ನು ಸುಳ್ಳೆಂದು ತಳ್ಳಿಹಾಕಲು ನಾನು ಸಿದ್ಧನಿಲ್ಲ. ಆದರೆ ತರಬೇತಿ ಕೊಡದೆ, ಬಿಡುವು ಕೊಡದೆ, ಕಲಿಸುತ್ತಿಲ್ಲ ಎಂದು ದೂರಿ ಮಕ್ಕಳನ್ನು ಬೇರೆಡೆ ಒಯ್ಯುವುದು ಯಾವ ನ್ಯಾಯ? ಆರು ತಿಂಗಳ ಸರ್ಟಿಫಿಕೇಟ್ ಪಡೆದವಳಿಗೆ ಶಾಲಾಪೂರ್ವ ಶಿಕ್ಷಕಿಯ ಹುದ್ದೆಗೆ ಆದ್ಯತೆ ಎಂದು ನಿಯಮವಾದರೆ ತರಬೇತಿಯ ಲಿಂಕ್ ಒತ್ತು ಎಂದು ಮೇಲ್ವಿಚಾರಕಿ ಪೀಡಿಸಬೇಕಾಗಿಲ್ಲ.

ಇನ್ನು ಗಡಿಯ ಮಾತು. ನಾರಾಯಣಪೇಟೆ ಜಿಲ್ಲೆಯ ಕೃಷ್ಣಾ ಕಡೆಯ ಕನ್ನಡದ ಮಕ್ಕಳು ತೆಲಂಗಾಣದ ಅಂಗನವಾಡಿಗೆ ಹೋಗುತ್ತಾರೆ. ಅಲ್ಲಿನ ಇಲಾಖೆಯ ಭಾಷೆ ತೆಲುಗು. ಕರ್ನಾಟಕದ 'ಚಿಲಿಪಿಲಿ'ಯಂಥ ಅಂಗನವಾಡಿ ಪಠ್ಯ, ಕನ್ನಡದ ಕಥೆ, ಶಿಶುಗೀತೆಗಳ ಧ್ವನಿಮುದ್ರಣ ಅಲ್ಲಿನ ಟೀಚರಮ್ಮನಿಗೆ ತಲುಪಲು ಲಾರಿ ಬೇಕಿಲ್ಲ, ಎರಡು ಸರ್ಕಾರಗಳ ಒಪ್ಪಿಗೆ ಸಾಕು. ಅದನ್ನು ಕೇಳಬೇಕಾದವರಲ್ಲಿ ಹೈದರಾಬಾದಿನ ಕನ್ನಡ ಸಂಸ್ಥೆಗಳೂ ಸೇರಿವೆ.