ಪದವಿಗಿಂತ ನಾಡು ದೊಡ್ಡದು



ಹಾನಗಲ್ಲು, ಶಿಗ್ಗಾಂವಿ, ಹಿರೇಕೆರೂರುಗಳು ಮುಂಬಯಿ ಪ್ರಾಂತದಲ್ಲಿದ್ದವು. ನವಾಬರ ಸವಣೂರು 1948ರಲ್ಲಿ ಅದೇ ಪ್ರಾಂತವನ್ನು ಸೇರಿತು. 1956ರ ನವೆಂಬರ್ 1ರಂದು ನಾಲ್ಕೂ ಮೈಸೂರಿನೊಡನೆ ಕೂಡಿದವು. ಮೈಸೂರಿನ ಅನೇಕ ಮುಖಂಡರಿಗೆ ಇದು ಒಪ್ಪಿಗೆಯಿರಲಿಲ್ಲ. ಹಿಂದುಳಿದ ಸೀಮೆಗಳ ಭಾರ ತಮಗೇಕೆಂದು ವಾದಿಸಿದರು. ಮುಖ್ಯಮಂತ್ರಿ ಕೆಂಗಲ್ ಹನುಮಂತಯ್ಯನವರು ಅವರನ್ನೆದುರಿಸಿ ಏಕೀಕರಣವನ್ನು ಎತ್ತಿಹಿಡಿದರು. ವಿಧಾನಸೌಧದ ವೆಚ್ಚದ ಆಕ್ಷೇಪವೂ ಅವರನ್ನು ಬೆನ್ನಟ್ಟಿತು. 1956ರ ಆಗಸ್ಟಿನಲ್ಲಿ ಸ್ವಪಕ್ಷದವರೇ ಅವಿಶ್ವಾಸ ತೋರಲು ಅಧಿಕಾರವನ್ನು ಬಿಟ್ಟರು. ಕೂಡಿದ ನಾಡಿನ ಮೊದಲ ಮುಖ್ಯಮಂತ್ರಿಗಳಾದವರು ನಿಜಲಿಂಗಪ್ಪನವರು.

ಸೌಧದ ಲೆಕ್ಕ ಕೇಳಿದ್ದು ತಪ್ಪಲ್ಲ. ಆದರೆ ತಾವು ಆಳದ ನಾಡಿಗಾಗಿ ಪದವಿಯನ್ನೇ ಪಣವಿಟ್ಟವರ ಹೆಸರನ್ನು, ಉಪಾಧ್ಯಾಯರೇ, ನಮ್ಮ ಮಕ್ಕಳಿಗೆ ಕಲಿಸಿರಿ. ಆ ಋಣವು ಈ ನಾಲ್ಕು ತಾಲೂಕುಗಳ ಮೇಲಿದೆ.