ಹೆಮ್ಮೆ ಊರಿನದು, ಆತಂಕ ಮನೆಯದು

(ಶ್ರೀಮಠದ ಮಾಸಿಕ ಚಿಂತನಗೋಷ್ಠಿಯಲ್ಲಿ ನೀಡಿದ ಉಪನ್ಯಾಸದ ಬರಹ ರೂಪ)



ಸೇನೆಗೆ ಹೊರಟ ಮಕ್ಕಳ ತಂದೆತಾಯಂದಿರ ಮನಸ್ಸಿನ ಬಗ್ಗೆ ಮಾತಾಡಬೇಕೆಂದು ಪೂಜ್ಯರು ಅಪ್ಪಣೆ ಕೊಡಿಸಿದ್ದಾರೆ. ಇದರ ಮೇಲೆ ಮಾತಾಡಲು ನನಗಿರುವ ಅರ್ಹತೆ ಒಂದೇ. ನಮ್ಮ ಮಗಳು ಸಿವಿಲ್ ಇಂಜಿನಿಯರಿಂಗ್ ಮುಗಿಸಿ, ಬೆಂಗಳೂರಿನಲ್ಲಿ ಐದು ದಿನದ ಎಸ್‌ಎಸ್‌ಬಿ ಪರೀಕ್ಷೆಯಲ್ಲಿ ಆಯ್ಕೆಯಾಗಿ, ಚೆನ್ನೈನ ಅಧಿಕಾರಿಗಳ ತರಬೇತಿ ಅಕಾಡೆಮಿಗೆ ಹೋದಳು. ಈಗ ಸೇನೆಯಲ್ಲಿದ್ದಾಳೆ. ನಾನು ಸರಕಾರಿ ಇಂಜಿನಿಯರ್ ಆಗಿ ನಿವೃತ್ತನಾದವನು. ಇವತ್ತು ಮಾತಾಡುತ್ತಿರುವುದು ಬರೀ ಅಪ್ಪನಾಗಿ.

ಮಕ್ಕಳು ಸಾಫ್ಟ್‌ವೇರ್ ಕೆಲಸಕ್ಕೆ ಅಮೆರಿಕಕ್ಕೆ ಹೋದರೂ ಮನೆ ಖಾಲಿಯಾಗುತ್ತದೆ. ಆದರೆ ಆ ಅಗಲಿಕೆಯೇ ಬೇರೆ. ಅಲ್ಲಿ ಮಕ್ಕಳು ಹೇಗಿದ್ದಾರೋ ಎಂಬ ಚಿಂತೆ. ಇಲ್ಲಿ ಅದರ ಮುಂದೆ ಇನ್ನೂ ಒಂದು ಮಾತಿದೆ; ಅದನ್ನು ಮನೆಯಲ್ಲಿ ಯಾರೂ ಬಾಯಿಬಿಟ್ಟು ಆಡುವುದಿಲ್ಲ. ನಿಮಗೆ ಅರ್ಥವಾಗುತ್ತದೆ.

ನಮ್ಮ ಮಗಳ ಆಯ್ಕೆಯ ಸುದ್ದಿ ಬಂದ ದಿನ ಓಣಿಯವರೆಲ್ಲ ಬಂದರು. ಹಾರ, ಶಾಲು, ಪೇಢೆ, ಫ್ಲೆಕ್ಸ್ ಎಲ್ಲ ಆಯಿತು. ರಾತ್ರಿ ಬಾಗಿಲು ಹಾಕಿದ ಮೇಲೆ ನಮ್ಮ ಮನೆಯವರು ಕೇಳಿದ್ದು ಒಂದೇ ಮಾತು: "ಆಕಿನ್ನ ಎಲ್ಲಿಗೆ ಹಾಕತಾರರೀ?" ಹೆಮ್ಮೆಯನ್ನು ಊರು ಹಂಚಿಕೊಂಡಿತ್ತು. ಆತಂಕವನ್ನು ನಮ್ಮ ಮನೆಯಲ್ಲೇ ಬಿಟ್ಟು ಹೋಗಿತ್ತು. ನಾನು ಇವತ್ತು ಹೇಳಬೇಕೆಂದಿರುವುದು ಇಷ್ಟೇ. ಸೈನಿಕರ ಮನೆಯ ಹೆಮ್ಮೆಯಲ್ಲಿ ಪಾಲು ಕೇಳುವ ಸಮಾಜ ಆತಂಕದಲ್ಲೂ ಪಾಲು ತೆಗೆದುಕೊಳ್ಳಬೇಕು.

ಈ ಆತಂಕ ಬರೀ ಕಲ್ಪನೆಯಲ್ಲ. ಧಾರವಾಡ ಜಿಲ್ಲೆಯ ಬೆಟದೂರಿನ ಲಾನ್ಸ್ ನಾಯಕ್ ಹನುಮಂತಪ್ಪ ಕೊಪ್ಪದ ಅವರನ್ನು ನಾವ್ಯಾರೂ ಮರೆತಿಲ್ಲ. 2016ರ ಫೆಬ್ರುವರಿಯಲ್ಲಿ ಸಿಯಾಚಿನ್‌ನ ಸುಮಾರು 19,600 ಅಡಿ ಎತ್ತರದ ಠಾಣೆಯ ಮೇಲೆ ಹಿಮಕುಸಿತವಾಗಿ ಹತ್ತು ಯೋಧರು ಹೂತುಹೋದರು. ಸುಮಾರು 25 ಅಡಿ ಹಿಮದ ಕೆಳಗಿಂದ, ದಿನಗಳು ಕಳೆದ ಮೇಲೆ, ಹನುಮಂತಪ್ಪ ಒಬ್ಬರೇ ಜೀವಂತ ಸಿಕ್ಕರು. ಅವರು ದೆಹಲಿಯ ಸೇನಾ ಆಸ್ಪತ್ರೆಯಲ್ಲಿದ್ದಾಗ ನಾಡಿನ ಊರೂರಲ್ಲಿ ಜನ ಪ್ರಾರ್ಥಿಸಿದರು. ಫೆಬ್ರುವರಿ 11ರಂದು ಅವರು ತೀರಿಕೊಂಡರು. ಅಲ್ಲಿ ಗುಂಡು ಹಾರಿರಲಿಲ್ಲ, ಯುದ್ಧವೂ ನಡೆದಿರಲಿಲ್ಲ. ಆ ಎತ್ತರ, ಆ ಚಳಿಯೇ ಸಾಕಾಗಿತ್ತು. ಇಷ್ಟು ಗೊತ್ತಿರುವ ತಾಯಿಗೆ "ಏನೂ ಆಗೂದಿಲ್ಲ ಬಿಡ್ರಿ" ಎಂದು ಹೇಳಿದರೆ ಅದು ಸಮಾಧಾನವಾಗುವುದಿಲ್ಲ. ಆಕೆಯ ಬಾಯಿ ಮುಚ್ಚಿಸಿದಂತಾಗುತ್ತದೆ.

ಇನ್ನೊಂದು ಪ್ರಶ್ನೆಯನ್ನು ನಮಗೆ ಬಹಳ ಜನ ಕೇಳಿದರು: "ಹೆಣ್ಣುಮಗಳನ್ನ ಅಲ್ಲಿಗ್ಯಾಕ ಕಳಸತೀರಿ?" ಸೇನೆಯ ವೈದ್ಯಕೀಯ ವಿಭಾಗದಾಚೆಗೂ ಮಹಿಳೆಯರನ್ನು ಅಧಿಕಾರಿಗಳಾಗಿ ತೆಗೆದುಕೊಳ್ಳಲು ಆರಂಭಿಸಿದ್ದು 1992ರಲ್ಲಿ. 2020ರ ಫೆಬ್ರುವರಿಯಲ್ಲಿ ಸುಪ್ರೀಂ ಕೋರ್ಟು ಅವರಿಗೂ ಶಾಶ್ವತ ಸೇವೆಯ ಹಕ್ಕನ್ನು ಎತ್ತಿ ಹಿಡಿಯಿತು. 2023ರ ಜನವರಿಯಲ್ಲಿ ಕ್ಯಾಪ್ಟನ್ ಶಿವಾ ಚೌಹಾನ್ ಸಿಯಾಚಿನ್‌ನ ಕುಮಾರ್ ಠಾಣೆಯಲ್ಲಿ ಕರ್ತವ್ಯಕ್ಕೆ ನಿಂತರು. ಅವರೂ ಸಿವಿಲ್ ಇಂಜಿನಿಯರ್. ದಾರಿ ಹಾಕಿದವರು ಮುಂದೆ ಹೋಗಿದ್ದಾರೆ. ನಮ್ಮ ಮಕ್ಕಳು ಹಿಂದೆ ನಡೆಯುತ್ತಿದ್ದಾರೆ. ಇನ್ನು ಹೆದರಿಕೆಯ ಮಾತು. ಗಡಿಗೆ ಗಂಡುಮಗನನ್ನು ಕಳಿಸಿದ ತಾಯಿಗೇನು ನಿದ್ದೆ ಬರುತ್ತದೆಯೇ?

ಅಕಾಡೆಮಿಯ ತರಬೇತಿ 49 ವಾರ. ಮುಗಿದ ದಿನ ತಂದೆತಾಯಂದಿರೇ ಮಕ್ಕಳ ಭುಜಕ್ಕೆ ನಕ್ಷತ್ರ ತೊಡಿಸುವ ಪದ್ಧತಿ ಅಲ್ಲಿದೆ. ಒಂದು ಭುಜಕ್ಕೆ ನಾನು, ಇನ್ನೊಂದಕ್ಕೆ ನಮ್ಮ ಮನೆಯವರು. ಅವರ ಕೈ ನಡುಗಲಿಲ್ಲ. ತಿರುಗಿ ಬರುವಾಗ ರೈಲಿನಲ್ಲಿ ಮಾತ್ರ ಬಹಳ ಹೊತ್ತು ಮಾತಾಡಲಿಲ್ಲ. ಎರಡೂ ನಿಜವೇ. ಹೆಮ್ಮೆ ಇದ್ದರೆ ಹೆದರಿಕೆ ಹೋಗಬೇಕು, ಹೆದರಿಕೆ ಇದ್ದರೆ ಹೆಮ್ಮೆ ಸುಳ್ಳು ಎಂದು ಯಾರೂ ತಿಳಿಯಬಾರದು.

ನಮ್ಮ ಇಂಜಿನಿಯರಿಂಗ್‌ನಲ್ಲಿ ಭಾರವನ್ನು ಇಲ್ಲ ಅನ್ನುವಂತಿಲ್ಲ. ಅದು ಯಾವ ಕಂಬದ ಮೇಲೆ ಎಷ್ಟು ಇಳಿಯುತ್ತದೆ ಎಂದು ಲೆಕ್ಕ ಹಾಕಬೇಕು. ಎಲ್ಲ ಭಾರ ಒಂದೇ ಕಂಬಕ್ಕೆ ಬಿದ್ದರೆ ಬಿರುಕು ಬಿಡುವುದು ಅದೇ ಕಂಬ. ಬಹಳ ಮನೆಗಳಲ್ಲಿ ಆ ಕಂಬ ತಾಯಿ. ತಂದೆ ಪೇಪರ್ ಹಿಡಿದು ಕೂತಿರುತ್ತಾನೆ. ಅದಕ್ಕೇ ಹೇಳುತ್ತೇನೆ, ಮೊದಲು ಗಂಡಹೆಂಡತಿ ಬಾಯಿಬಿಟ್ಟು ಮಾತಾಡಬೇಕು. ಗಡಿಯ ಸುದ್ದಿ ಬಂದ ರಾತ್ರಿ ಟಿವಿ ಆರಿಸಿ ಹತ್ತು ನಿಮಿಷ ಜೊತೆಗೆ ಕೂತರೂ ಸಾಕು.

ಎರಡನೆಯದು, ನಮ್ಮ ಭಾರವನ್ನು ಮಕ್ಕಳ ಮೇಲೆ ಹಾಕಬಾರದು. "ಏನೂ ಆಗಂಗಿಲ್ಲಂತ ಮಾತು ಕೊಡು" ಎಂದು ಕೇಳಬಾರದು. ಅವರ ಕೈಯಲ್ಲಿಲ್ಲದ್ದನ್ನು ಅವರೆಲ್ಲಿಂದ ಕೊಟ್ಟಾರು? ಎಲ್ಲಿದ್ದೀ, ಯಾವ ಕಡೆ ಹೊರಟಿದ್ದೀ ಎಂದು ಫೋನಿನಲ್ಲಿ ಕೆದಕಬಾರದು. ತಿಳಿದದ್ದನ್ನು ವಾಟ್ಸಾಪ್ ಗುಂಪಿನಲ್ಲಿ ಹಾಕಬಾರದು. ಹಾಗಂತ ಮನೆಯಲ್ಲಿ ಕಾಯಿಲೆ ಕಸಾಲೆಯಾದರೆ ಮುಚ್ಚಿಡುವುದೂ ಬೇಡ. ಮುಚ್ಚಿಟ್ಟದ್ದು ಗೊತ್ತಾದರೆ, ಆಮೇಲೆ ನಾವು ಆರಾಮ ಇದ್ದೇವೆ ಎಂದರೂ ಅವರು ನಂಬುವುದಿಲ್ಲ.

ಮೂರನೆಯದು, ಊರಿನ ಕೆಲಸ. 2022ರಲ್ಲಿ ಬಂದ ಅಗ್ನಿಪಥ ಯೋಜನೆಯಲ್ಲಿ ಸೇರಿದ ಹುಡುಗರ ತಂದೆತಾಯಂದಿರೂ ಈ ಸಭೆಯಲ್ಲಿದ್ದಾರೆ. ಅವರ ಸೇವೆ ನಾಲ್ಕು ವರ್ಷ. ಮುಂದೆ ಸೇನೆಯಲ್ಲಿ ಉಳಿಯುವವರು 100ಕ್ಕೆ 25ರವರೆಗೆ. ಆ ಮನೆಗಳಿಗೆ ಎರಡು ಚಿಂತೆ: ಮಗ ಕ್ಷೇಮವಾಗಿ ಬರಲಿ ಎಂಬುದೊಂದು, ಬಂದ ಮೇಲೆ ಮುಂದೇನು ಎಂಬುದೊಂದು. ಇಪ್ಪತ್ತೆರಡು ಇಪ್ಪತ್ತಮೂರರ, ಶಿಸ್ತು ಕಲಿತ ಹುಡುಗ ಊರಿಗೆ ಬಂದಾಗ "ವಾಪಸ್ ಬಂದ್ಯಾ?" ಎಂದು ಕೇಳುವ ಬದಲು ಅವನಿಗೊಂದು ಕಾಯಕ ತೋರಿಸಬೇಕು. ನಮ್ಮ ಸಹಕಾರಿ ಸಂಘಗಳು, ಶಿಕ್ಷಣ ಸಂಸ್ಥೆಗಳು ಈಗಲೇ ಯೋಚಿಸಿದರೆ ಇದೇನು ದೊಡ್ಡದಲ್ಲ. ಸರಕಾರದ ಸೈನಿಕ ಕಲ್ಯಾಣ ಮತ್ತು ಪುನರ್ವಸತಿ ಇಲಾಖೆಯ ಕಚೇರಿ ಎಲ್ಲಿದೆ ಎಂದು ಗೊತ್ತಿಲ್ಲದ ಮನೆಗಳು ಹಳ್ಳಿಗಳಲ್ಲಿ ಬಹಳ ಇವೆ. ಓದು ಬಲ್ಲ ಒಬ್ಬರು ಜೊತೆಗೆ ಹೋಗಿ ಬಂದರೆ ಅದೇ ಅವರಿಗೆ ದೊಡ್ಡ ಬಲ.

ಮಕ್ಕಳಿಗೆ ಒಪ್ಪಿಗೆ ಕೊಡುವುದು ಒಂದು ದಿನದ ಕೆಲಸವೆಂದು ಕೆಲವರು ತಿಳಿದಿದ್ದಾರೆ. ಬಸ್ಸು ಹತ್ತಿಸಿದ ದಿನಕ್ಕೆ ಅದು ಮುಗಿಯುವುದಿಲ್ಲ. ಪ್ರತಿದಿನ ಬೆಳಿಗ್ಗೆ ಎದ್ದು ಮತ್ತೊಮ್ಮೆ ಕೊಡಬೇಕಾಗುತ್ತದೆ. ಅದಕ್ಕೆ ಬೇಕಾದ ಶಕ್ತಿ ಒಬ್ಬರಿಗೇ ಇರುವುದಿಲ್ಲ.

ಆದ್ದರಿಂದ ನನ್ನದೊಂದು ವಿನಂತಿ. ನಿಮ್ಮ ಊರಿನ ಯಾವ ಮನೆಗೆ ನೀವು ಹಾರ ಹಾಕಿ ಬಂದಿದ್ದೀರೋ, ಆರು ತಿಂಗಳ ನಂತರ ಅದೇ ಮನೆಗೆ ಇನ್ನೊಮ್ಮೆ ಹೋಗಿ. ಹಾರ ಬೇಡ, ಫೋಟೋ ಬೇಡ. ಅರ್ಧ ತಾಸು ಕುಳಿತು, ಚಹಾ ಕುಡಿದು, "ಫೋನ್ ಬಂದಿತ್ತೇನ್ರೀ?" ಎಂದು ಕೇಳಿ. ಅವರು ಹೇಳುತ್ತಾರೆ. ನೀವು ಕೇಳಿಸಿಕೊಳ್ಳಿ.